ಒಳ್ಳೆ ಪಂಜಾಬಿ ಊಟ ಬೇಕಾದರೆ ಟ್ರಕ್ ನಿಂತ ಕಡೆ ಹೋಗಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗ ಗೆಳೆಯರಿಗೆ ಒಂದು ಮಾತು. ಪಂಜಾಬಿ ಊಟ ಅಂದ ಕೂಡಲೇ ನಾವು ಹೋಗುವುದು ದೊಡ್ಡ ಬೋರ್ಡಿನ ರೆಸ್ಟೋರೆಂಟಿಗೆ. ತರಿಸುವುದು ಪನೀರ್ ಬಟರ್ ಮಸಾಲ, ದಾಲ್ ಮಖನಿ, ಗಾರ್ಲಿಕ್ ನಾನ್. ತಿಂದು ಕಾರು ಹತ್ತುವಾಗ "ಅಬ್ಬಾ, ತುಂಬಾ ಹೆವಿ ಆಯ್ತು, ಇನ್ನೊಂದು ತಿಂಗಳು ಈ ಕಡೆ ಬರೋದು ಬೇಡ" ಅನ್ನುತ್ತೇವೆ. ಬೆಂಗಳೂರಿನಲ್ಲೂ ಇದೇ ಕತೆ. ಮೆನುವಿನಲ್ಲಿ ನಾರ್ತ್ ಇಂಡಿಯನ್ ಅಂತ ಒಂದು ಪುಟ, ಆ ಪುಟದಲ್ಲೇ ಇಡೀ ಪಂಜಾಬ್ ಮುಗಿದುಹೋಗುತ್ತದೆ. ನನಗೆ ಇದು ನಿಜಕ್ಕೂ ಬೇಜಾರು. ಪಂಜಾಬಿನವರು ಮನೆಯಲ್ಲಿ ದಿನಾ ಉಣ್ಣುವುದೇ ಬೇರೆ. ಅದು ನಮಗೆ ಒಂದೂವರೆ ಗಂಟೆ ದಾರಿಯಲ್ಲಿ, ಟ್ರಕ್ ಡ್ರೈವರ್‌ಗಳಿಗಾಗಿ ನಿಲ್ಲುವ ಫುಡ್ ಟ್ರಕ್‌ಗಳಲ್ಲಿ ಸಿಗುತ್ತದೆ. ಅಷ್ಟು ಹತ್ತಿರ ಇಟ್ಟುಕೊಂಡು ನಾವು ಅದನ್ನು ಹುಡುಕಿಕೊಂಡು ಹೋಗುವುದಿಲ್ಲ.

ಆಲ್ಟಮಾಂಟ್ ಗುಡ್ಡಗಳ ಗಾಳಿಯಂತ್ರಗಳನ್ನು ದಾಟಿ, ಟ್ರೇಸಿ, ಮಂಟೀಕಾ ಕಳೆದು ಹೈವೇ 99 ಹಿಡಿಯಿರಿ. ಮೊಡೆಸ್ಟೊ, ಟರ್ಲಾಕ್, ಲಿವಿಂಗ್‌ಸ್ಟನ್, ಮರ್ಸೆಡ್, ಹಾಗೇ ಫ್ರೆಸ್ನೋ ತನಕ. ಎರಡೂ ಕಡೆ ಬಾದಾಮಿ ತೋಟ, ದ್ರಾಕ್ಷಿ, ನಡುನಡುವೆ ಗೋದಾಮು, ಟೈರ್ ಅಂಗಡಿ, ಟ್ರಕ್ ಯಾರ್ಡ್. ಯಾರ್ಡಿನ ಬೇಲಿ ಪಕ್ಕದಲ್ಲೋ, ಡೀಸೆಲ್ ಬಂಕಿನ ಮೂಲೆಯಲ್ಲೋ ಒಂದು ಹಳೇ ಬಿಳಿ ಫುಡ್ ಟ್ರಕ್ ನಿಂತಿರುತ್ತದೆ. ಬದಿಯಲ್ಲಿ ಜನರೇಟರ್ ಸದ್ದು. ಪಂಜಾಬಿಯ ಗುರುಮುಖಿ ಲಿಪಿಯಲ್ಲಿ ನಾಲ್ಕು ಸಾಲು ಬರಹ. ಎದುರಿಗೆ ಪೇಟ ಸುತ್ತಿದ ಡ್ರೈವರ್‌ಗಳ ಸಾಲು. ಆ ಸಾಲು ಕಂಡರೆ ಗಾಡಿ ನಿಲ್ಲಿಸಿ.

ಇಂಥ ಊಟ ಈ ಜಾಗದಲ್ಲೇ ಯಾಕೆ ಸಿಗುತ್ತದೆ ಅನ್ನುವುದಕ್ಕೆ ಕಾರಣ ಇದೆ. ಅಮೆರಿಕದ ಕಾನೂನಿನ ಪ್ರಕಾರ ದೊಡ್ಡ ಟ್ರಕ್ಕಿನ ಡ್ರೈವರ್ ಡ್ಯೂಟಿ ಶುರು ಮಾಡಿದ ಮೇಲೆ 14 ಗಂಟೆಯ ಒಳಗೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು. 8 ಗಂಟೆ ಓಡಿಸಿದ ಮೇಲೆ 30 ನಿಮಿಷ ವಿರಾಮ ತೆಗೆದುಕೊಳ್ಳಲೇಬೇಕು. 2017ರ ಡಿಸೆಂಬರ್‌ನಿಂದ ಇದನ್ನೆಲ್ಲ ಗಾಡಿಯಲ್ಲಿರುವ ಎಲೆಕ್ಟ್ರಾನಿಕ್ ಯಂತ್ರವೇ ಬರೆದುಕೊಳ್ಳುತ್ತದೆ, ಸುಳ್ಳು ಹೇಳಿ ಹೊಂದಿಸುವ ಹಾಗಿಲ್ಲ. ಹಾಗಾಗಿ ಊಟಕ್ಕೆ ಇರುವುದು ಅರ್ಧ ಗಂಟೆ. 53 ಅಡಿ ಟ್ರೈಲರ್ ಎಳೆದುಕೊಂಡು ಊರೊಳಗಿನ ರೆಸ್ಟೋರೆಂಟಿಗೆ ಹೋಗಿ ಪಾರ್ಕಿಂಗ್ ಹುಡುಕಲು ಆಗುತ್ತದಾ? ಊಟವೇ ಅವರಿದ್ದಲ್ಲಿಗೆ ಬರಬೇಕು. ಬಂದ ಊಟ ತಕ್ಷಣ ಕೈಗೆ ಸಿಗಬೇಕು. ಅದಕ್ಕೇ ಈ ಟ್ರಕ್‌ಗಳಲ್ಲಿ ಮೆನು ಚಿಕ್ಕದು. ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಬೇಯಿಸಿಟ್ಟ ದಾಲ್, ರಾಜ್ಮಾ ಅಥವಾ ಕಢಿ (ಕಡಲೆಹಿಟ್ಟು ಹಾಕಿದ ಮಜ್ಜಿಗೆ ಸಾರು), ಒಂದು ಸಬ್ಜಿ. ಬಿಸಿಬಿಸಿಯಾಗಿ ಆಗುವುದು ರೊಟ್ಟಿ, ಪರಾಠ ಮಾತ್ರ. ಎಷ್ಟೋ ಡ್ರೈವರ್‌ಗಳು ದಾರಿಯಿಂದಲೇ ಫೋನ್ ಮಾಡಿ ಹೇಳಿರುತ್ತಾರೆ. ಬಂದು ಪೊಟ್ಟಣ ತೆಗೆದುಕೊಂಡು ಹೋಗುತ್ತಾರೆ.

ಈ ಗಿರಾಕಿಗಳನ್ನು ಏಮಾರಿಸಲು ಆಗುವುದಿಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ರೆಸ್ಟೋರೆಂಟಿಗೆ ಬರುವ ನಾವು ಕಢಿ ಎಷ್ಟು ಹುಳಿ ಇರಬೇಕು, ರಾಜ್ಮಾ ಎಷ್ಟು ಕರಗಬೇಕು ಅಂತ ತಿಳಿದವರಲ್ಲ. ಇಲ್ಲಿ ನಿಂತವನು ಜಲಂಧರ್, ಹೋಶಿಯಾರ್‌ಪುರ ಕಡೆ ಹುಟ್ಟಿ ತಾಯಿಯ ಕೈಯಲ್ಲಿ ಅದನ್ನೇ ಉಂಡು ಬೆಳೆದವನು. ವಾರಕ್ಕೆ ಮೂರು ದಿನ ಇಲ್ಲೇ ಉಣ್ಣುತ್ತಾನೆ. ಒಂದು ದಿನ ಕೆಟ್ಟರೆ ಕಿಟಕಿಯಲ್ಲೇ ಹೇಳುತ್ತಾನೆ. ಎರಡು ದಿನ ಕೆಟ್ಟರೆ ಮುಂದಿನ ಎಕ್ಸಿಟ್‌ನಲ್ಲಿರುವ ಬೇರೆ ಟ್ರಕ್ಕಿಗೆ ಹೋಗುತ್ತಾನೆ.

ಮಂಟೀಕಾ ಆಚೆ ನಾನು ಹೋಗುವ ಟ್ರಕ್ಕಿನಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡ ದುಡ್ಡು ತೆಗೆದುಕೊಂಡು ಪೊಟ್ಟಣ ಕಟ್ಟುತ್ತಾರೆ, ಆಂಟಿ ಅಡುಗೆ. ಗುರುದ್ವಾರದಲ್ಲಿ ಎಲ್ಲರಿಗೂ ಉಚಿತ ಊಟ ಹಾಕುವ ಲಂಗರ್‌ನಲ್ಲಿ ವರ್ಷಾನುಗಟ್ಟಲೆ ಸೇವೆ ಮಾಡಿದ ಕೈ ಅದು. ಚಳಿಗಾಲದಲ್ಲಿ ಸಾಗ್ ಇರುತ್ತದೆ. ಸಾಸಿವೆ ಸೊಪ್ಪು ಜಾಸ್ತಿ, ಪಾಲಕ್ ಸ್ವಲ್ಪ, ಸಿಕ್ಕರೆ ಬಥುವಾ ಸೊಪ್ಪು. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ಮರದ ಕಡೆಗೋಲಿನಲ್ಲಿ ಮಸೆದು, ಕೊನೆಗೆ ಒಂದು ಹಿಡಿ ಜೋಳದ ಹಿಟ್ಟು ಹಾಕಿ ಗಟ್ಟಿ ಮಾಡುತ್ತಾರೆ. ಮೆಕ್ಕೆಜೋಳದ ಹಿಟ್ಟು, ನಮ್ಮ ಬಿಳಿಜೋಳ ಅಲ್ಲ. ಮಿಕ್ಸಿಗೆ ಹಾಕಿದರೆ ಅಂಟಂಟಾಗುತ್ತದೆ ಅಂತ ಆಂಟಿ ಮಿಕ್ಸಿ ಮುಟ್ಟುವುದೇ ಇಲ್ಲ. ಮೇಲೆ ಶುಂಠಿ, ಬೆಳ್ಳುಳ್ಳಿ ಒಗ್ಗರಣೆ.

ಆದರೆ ನಾನು ಕಣ್ಣು ಕೀಲಿಸಿ ನೋಡುವುದು ಮಕ್ಕಿ ರೊಟ್ಟಿ ಮಾಡುವುದನ್ನು. ಮೆಕ್ಕೆಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಲಟ್ಟಿಸಲು ಹೋದರೆ ಬಿರಿಯುತ್ತದೆ. ಆಂಟಿ ಬಿಸಿನೀರು ಸುರಿದು, ಒಂದೊಂದು ರೊಟ್ಟಿಗೆ ಆಗುವಷ್ಟು ಹಿಟ್ಟನ್ನೇ ಆಗಾಗ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಉಂಡೆ ಮಾಡಿ ಎರಡೂ ಅಂಗೈ ನಡುವೆ ತಟ್ಟುತ್ತಾ ತಿರುಗಿಸುತ್ತಾರೆ. ಅಂಚು ಬಿರಿದರೆ ಒದ್ದೆ ಬೆರಳಿನಿಂದ ಸವರುತ್ತಾರೆ. ಹೆಂಚಿನ ಮೇಲೆ ಬಿದ್ದಾಗ ಚಿಕ್ಕ ಚಿಕ್ಕ ಕಂದು ಚುಕ್ಕೆ ಏಳುತ್ತವೆ. ನಾನು ಗದಗ ಕಡೆಯವನು. ಎಸರು ಸುರಿದು ಹಿಟ್ಟು ಮಿದ್ದು ಜೋಳದ ರೊಟ್ಟಿ ಬಡಿಯುವ ಅವ್ವನ ಕೈಯೂ ಹೀಗೇ ಓಡುತ್ತಿತ್ತು. ಆ ರೊಟ್ಟಿಯ ಮೇಲೆ ಬಿಳಿ ಬೆಣ್ಣೆ, ಪಕ್ಕದಲ್ಲಿ ಸಾಗ್, ಒಂದು ತುಂಡು ಬೆಲ್ಲ, ಹಸಿ ಈರುಳ್ಳಿ. "ಪುತ್ತರ್, ಬಿಸಿ ಇರುವಾಗಲೇ ತಿನ್ನು, ಫೋಟೊ ಆಮೇಲೆ ತೆಗಿ" ಅನ್ನುತ್ತಾರೆ ಆಂಟಿ. ಸರಿಯಾದ ಮಾತು. ಮಕ್ಕಿ ರೊಟ್ಟಿ ಆರಿದರೆ ಚಪ್ಪಡಿಯಾಗುತ್ತದೆ.

ಹಾಗಾದರೆ ರೆಸ್ಟೋರೆಂಟಿನ ಊಟ ಎಲ್ಲಿಂದ ಬಂತು? 1947ರಲ್ಲಿ ದೇಶ ಒಡೆದಾಗ ಪೇಶಾವರದಿಂದ ಬಂದ ಹೋಟೆಲಿನವರು ದೆಹಲಿಯ ದರಿಯಾಗಂಜ್‌ನಲ್ಲಿ ಮೋತಿ ಮಹಲ್ ಶುರು ಮಾಡಿದರು. ತಂದೂರಿ ಚಿಕನ್, ಬಟರ್ ಚಿಕನ್, ದಾಲ್ ಮಖನಿ ಹೆಸರು ಮಾಡಿದ್ದು ಅಲ್ಲಿಂದ. ಮೊದಲು ಮಾಡಿದ್ದು ಯಾರು ಅಂತ 2024ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಕೇಸೇ ನಡೆಯಿತು. ಎಲ್ಲ ಕಳೆದುಕೊಂಡು ಬಂದವರು ಕಟ್ಟಿದ ಅಡುಗೆ ಅದು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಹೋಟೆಲಿನಲ್ಲಿ ಬೆಳೆದ ಅಡುಗೆ. ಈಗ ಹೆಚ್ಚಿನ ಕಡೆ ಅದೂ ಕೆಟ್ಟಿದೆ. ಈರುಳ್ಳಿ ಟೊಮೆಟೊದ್ದು ಒಂದು, ಕ್ರೀಮ್ ಹಾಕಿದ ಕೆಂಪನೆಯದು ಒಂದು, ಗೋಡಂಬಿಯ ಬಿಳಿಯದು ಒಂದು ಅಂತ ಮೂರು ಗ್ರೇವಿ ಮಾಡಿಟ್ಟುಕೊಂಡು, ಆರ್ಡರ್ ಬಂದ ಹಾಗೆ ಅದಕ್ಕೆ ಪನೀರೋ ಕೋಳಿಯೋ ಹಾಕಿ ಕೊಡುತ್ತಾರೆ. ಹತ್ತು ಹೆಸರಿನ ಹತ್ತು ಬಟ್ಟಲು ತರಿಸಿದರೂ ನಾಲಿಗೆಗೆ ಸಿಗುವುದು ಮೂರೇ ರುಚಿ. ನಾನ್ ಕೂಡ ಪಂಜಾಬಿ ಮನೆಯ ದಿನದ ರೊಟ್ಟಿಯಲ್ಲ. ಮನೆಯಲ್ಲಿ ಆಗುವುದು ಹೆಂಚಿನ ಫುಲ್ಕಾ. ಹಳ್ಳಿಗಳಲ್ಲಿ ತಂದೂರ್ ಇತ್ತು, ಆದರೆ ಅದು ಓಣಿಗೊಂದು. ಹೆಂಗಸರು ಮನೆಯಿಂದ ಹಿಟ್ಟು ತಂದು ಅಲ್ಲಿ ರೊಟ್ಟಿ ಸುಟ್ಟುಕೊಳ್ಳುತ್ತಿದ್ದರು. ಅದನ್ನು ಸಾಂಝಾ ಚೂಲ್ಹಾ ಅನ್ನುತ್ತಿದ್ದರು.

ಈ ಟ್ರಕ್‌ಗಳು ನಿನ್ನೆ ಮೊನ್ನೆ ಬಂದವಲ್ಲ ಅನ್ನಿಸುವಷ್ಟು ಆ ನೆಲಕ್ಕೆ ಹೊಂದಿಕೊಂಡಿರುವುದಕ್ಕೂ ಇತಿಹಾಸ ಇದೆ. ನಾವು ಸಾಫ್ಟ್‌ವೇರಿನವರು ಬರುವುದಕ್ಕೆ ಎಷ್ಟೋ ಮೊದಲು, 1900ರ ದಶಕದಲ್ಲೇ ಪಂಜಾಬಿಗಳು ಅಮೆರಿಕದ ಈ ಪಶ್ಚಿಮ ಕರಾವಳಿಗೆ ಬಂದಿದ್ದರು. ಮರದ ಮಿಲ್ಲು, ರೈಲು ಹಳಿ, ಆಮೇಲೆ ಹೊಲ. ಅಮೆರಿಕದ ಮೊದಲ ಗುರುದ್ವಾರ ಶುರುವಾಗಿದ್ದು 1912ರಲ್ಲಿ, ಹೈವೇ 99 ಹಾದುಹೋಗುವ ಇದೇ ಕಣಿವೆಯ ಸ್ಟಾಕ್‌ಟನ್‌ನಲ್ಲಿ. ಕ್ಯಾಲಿಫೋರ್ನಿಯಾದ 1913ರ ಕಾನೂನು ಅವರಿಗೆ ಜಮೀನು ಕೊಳ್ಳಲು ಬಿಡಲಿಲ್ಲ. ಊರಿಂದ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿಯೂ ಮುಚ್ಚಿತು. ಎಷ್ಟೋ ಜನ ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಯೂಬಾ ಸಿಟಿಯಲ್ಲಿ ಅಂಥದ್ದೇ ಒಂದು ಕುಟುಂಬ 1954ರಿಂದ ಎಲ್ ರಾಂಚೆರೊ ಅನ್ನುವ ಹೋಟೆಲ್ ನಡೆಸಿತು. ಅಲ್ಲಿಯ ರೊಟ್ಟಿ ಕೆಸಡಿಯಾ ಹೆಸರುವಾಸಿ. ಪಂಜಾಬಿ ರೊಟ್ಟಿಯೊಳಗೆ ಚೀಸ್, ಈರುಳ್ಳಿ, ಮಾಂಸ. 1993ರಲ್ಲಿ ಅದು ಮುಚ್ಚಿತು, ನನಗೆ ತಿನ್ನಲು ಸಿಗಲೇ ಇಲ್ಲ. ಈಗಲೂ ಯೂಬಾ ಸಿಟಿಯಲ್ಲಿ ನವೆಂಬರ್ ಮೊದಲ ಭಾನುವಾರ ನಗರ ಕೀರ್ತನ್, ಅಂದರೆ ಸಿಖ್ಖರ ಮೆರವಣಿಗೆ, ನಡೆಯುತ್ತದೆ. ದಾರಿಯುದ್ದಕ್ಕೂ ಕರೆದು ಕರೆದು ಊಟ ಕೊಡುತ್ತಾರೆ, ಒಂದು ಪೈಸೆ ಇಲ್ಲ. ಅದಕ್ಕೂ ಹೋಗಿ ಬನ್ನಿ.

ಟ್ರಕ್ ಓಡಿಸುವ ಕೆಲಸಕ್ಕೆ ಪಂಜಾಬಿಗಳು ಜಾಸ್ತಿ ಬಂದದ್ದು 1980ರ ದಶಕದ ನಂತರ. ಪೇಟ ತೆಗೆಯದೆ, ಗಡ್ಡ ಬೋಳಿಸದೆ ಮಾಡಬಹುದಾದ ಕೆಲಸ, ನಾಲ್ಕು ವರ್ಷ ದುಡಿದರೆ ಸ್ವಂತ ಗಾಡಿ. ಇವತ್ತು ಅಮೆರಿಕದ ಟ್ರಕ್ಕಿಂಗ್‌ನಲ್ಲಿ ಸುಮಾರು ಒಂದೂವರೆ ಲಕ್ಷ ಸಿಖ್ಖರಿದ್ದಾರೆ ಅಂತ ಅವರ ಸಂಘಟನೆಗಳ ಅಂದಾಜು. ಅವರು ಹೋದಲ್ಲಿಗೆ ಅವರ ಊಟವೂ ಹೋಗಿದೆ. ಐ-40 ಹೆದ್ದಾರಿಯಲ್ಲಿ ಒಕ್ಲಹೋಮಾದ ಸೇಯರ್, ಟೆಕ್ಸಸ್‌ನ ವೇಗಾದಂಥ ಪುಟ್ಟ ಊರುಗಳ ಟ್ರಕ್ ಸ್ಟಾಪ್‌ಗಳಲ್ಲೂ ಪಂಜಾಬಿ ಅಡುಗೆಮನೆ ಶುರುವಾಗಿದೆ. ಸುತ್ತ ಬಯಲು, ದನ, ಗಾಳಿ. ಒಳಗೆ ಆಲೂ ಪರಾಠ, ಕಡಕ್ ಚಹಾ.

"ಕ್ಲೀನ್ ಇರುತ್ತಾ?" ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಫುಡ್ ಟ್ರಕ್‌ಗೆ ಕೌಂಟಿ ಆರೋಗ್ಯ ಇಲಾಖೆಯ ಪರ್ಮಿಟ್ ಬೇಕು, ಇನ್‌ಸ್ಪೆಕ್ಷನ್ ಆಗುತ್ತದೆ. ಪರ್ಮಿಟ್ ಸ್ಟಿಕ್ಕರ್ ಎದುರಿಗೇ ಅಂಟಿಸಿರುತ್ತದೆ, ನೋಡಿಕೊಳ್ಳಿ. ಅಡುಗೆ ಮಾಡುವುದು ನಿಮ್ಮ ಕಣ್ಣೆದುರಿಗೇ ಅಲ್ವಾ? ರೆಸ್ಟೋರೆಂಟಿನ ಅಡುಗೆಮನೆಯನ್ನು ನಾವು ಯಾವತ್ತಾದರೂ ನೋಡಿದ್ದೇವಾ? ಕೂರಲು ಜಾಗ ಇರುವುದಿಲ್ಲ, ಅದು ನಿಜ. ಒಂದೆರಡು ಪ್ಲಾಸ್ಟಿಕ್ ಕುರ್ಚಿ ಇದ್ದರೆ ಪುಣ್ಯ. ನಾವು ಕಾರಿನ ಡಿಕ್ಕಿ ತೆಗೆದು ಅದರ ಮೇಲೇ ತಟ್ಟೆ ಇಟ್ಟುಕೊಂಡು ತಿನ್ನುತ್ತೇವೆ, ಮಕ್ಕಳಿಗೆ ಅದೇ ಖುಷಿ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. 2025ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಸುಮಾರು 17,000 ವಲಸಿಗ ಚಾಲಕರಿಗೆ ಕಮರ್ಷಿಯಲ್ ಲೈಸೆನ್ಸ್ ರದ್ದಾಗುತ್ತದೆ ಅಂತ ನೋಟಿಸ್ ಕಳಿಸಿತು. ಕೇಂದ್ರ ಸರ್ಕಾರದ ತಪಾಸಣೆ ಆದ ಮೇಲೆ ಬಂದ ನೋಟಿಸ್ ಅದು. ಅವರಲ್ಲಿ ಪಂಜಾಬಿಗಳು ಬಹಳ. ಸಾಲ ಮಾಡಿ ಗಾಡಿ ತೆಗೆದುಕೊಂಡವರು, ತಿಂಗಳ ಕಂತು ಕಟ್ಟುವವರು. ವೀಸಾ, ಗ್ರೀನ್ ಕಾರ್ಡಿಗಾಗಿ ಕಾದು ಕೂತ ನಮಗೆ ಆ ಭಯ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಡ್ರೈವರ್ ಕೆಲಸ ಹೋದರೆ ಯಾರ್ಡ್ ಖಾಲಿ, ಯಾರ್ಡ್ ಖಾಲಿಯಾದರೆ ಊಟದ ಟ್ರಕ್ ಯಾರಿಗೆ ಬೇಯಿಸಬೇಕು? "ಮೊದಲಿನಷ್ಟು ಗಾಡಿ ಬರ್ತಿಲ್ಲ" ಅಂತ ಆಂಟಿಯ ಗಂಡ ಹೇಳಿದಾಗ ನನಗೆ ಏನು ಹೇಳಬೇಕು ಅಂತಲೇ ತೋಚಲಿಲ್ಲ. ನಾವು ಶನಿವಾರ ಭಾನುವಾರ ಹೋಗಿ ಉಂಡರೆ ಡ್ರೈವರ್‌ಗಳ ಕಷ್ಟ ತೀರುವುದಿಲ್ಲ, ಅದು ಗೊತ್ತು. ಆ ಒಲೆಯಾದರೂ ಉರಿಯುತ್ತಿರುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಮಧ್ಯಾಹ್ನ ಹನ್ನೆರಡೂವರೆ ಒಳಗೆ ತಲುಪಿ, ತಡವಾದರೆ ಕಢಿ ಮುಗಿದಿರುತ್ತದೆ. ಕೈಯಲ್ಲಿ ಸ್ವಲ್ಪ ನಗದು ಇರಲಿ. ಮೆನು ನೋಡಿ ಬಟರ್ ಚಿಕನ್ ಹುಡುಕಬೇಡಿ, "ಆಂಟಿ ಜೀ, ಇವತ್ತು ಏನು ಮಾಡಿದ್ದೀರಿ?" ಅಂತ ಕೇಳಿ, ಅವರು ಹೇಳಿದ್ದನ್ನೇ ತೆಗೆದುಕೊಳ್ಳಿ. ಡ್ರೈವರ್‌ಗಳಿಗೆ ಟೈಮ್ ಕಡಿಮೆ ಇರುತ್ತದೆ, ಸಾಲಿನಲ್ಲಿ ಅವರನ್ನು ಮುಂದೆ ಬಿಡಿ. ಸಾಗ್ ಚಳಿಗಾಲಕ್ಕೆ ಮಾತ್ರ. ಫೆಬ್ರವರಿಯಲ್ಲಿ ಹೋದರೆ 99ರ ಪಕ್ಕದ ಬಾದಾಮಿ ತೋಟಗಳೂ ಹೂ ಬಿಟ್ಟಿರುತ್ತವೆ, ಎರಡೂ ಆಗುತ್ತದೆ.