ತಂತಿಗೆ ಚುಚ್ಚಿದ ಕಾಗದಗಳು

ಇಂಗ್ಲೆಂಡಿನ ಬ್ರೈಟನ್‌ಗೆ ಬಂದು ಹನ್ನೊಂದು ವರ್ಷವಾಯಿತು. ಇಲ್ಲಿ ನವೆಂಬರ್ ಬಂದರೆ ಎಲ್ಲರ ಕೋಟಿನ ಮೇಲೂ ಕೆಂಪು ಗಸಗಸೆ ಹೂ ಕಾಣುತ್ತದೆ, ಯುದ್ಧದಲ್ಲಿ ಸತ್ತವರ ನೆನಪಿಗೆ. ಮೊದಲ ಮಹಾಯುದ್ಧ ನಿಂತ ದಿನ, ಹನ್ನೊಂದನೇ ತಾರೀಖು ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ. ಕಳೆದ ವರ್ಷ ಆ ದಿನ ಸಂಜೆ ಪಕ್ಕದ ಮನೆಯ ಅಜ್ಜಿ ಚಹಾಕ್ಕೆ ಕರೆದರು. ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದು ಒಂದು ಕಾಗದವನ್ನು ನನ್ನ ಮುಂದಿಟ್ಟರು. ಅವರ ತಾತ ಆ ಯುದ್ಧದ ಹೊತ್ತಿನಲ್ಲಿ, 1916ರಲ್ಲಿ, ಫ್ರಾನ್ಸಿನಿಂದ ಬರೆದದ್ದು.

ನೀರು ತಾಗಿದರೆ ನೇರಳೆಯಾಗುವ ಪೆನ್ಸಿಲಿನ ಬರಹ. ಮೂಲೆಯಲ್ಲಿ ಒಂದು ನೇರಳೆ ಹೆಬ್ಬೆರಳಿನ ಗುರುತು, ಗೆರೆಗೆರೆಯಾಗಿ ಇನ್ನೂ ಹಾಗೇ ಇದೆ. ಕಾಲುಚೀಲ ಒಣಗುತ್ತಿಲ್ಲ, ಇನ್ನೆರಡು ಜೊತೆ ಕಳಿಸಿ ಅಂತ ಬರೆದಿದ್ದ. ನಾಯಿ ಈಗಲೂ ಗೇಟಿನ ಹತ್ತಿರ ಮಲಗುತ್ತದಾ ಅಂತ ಕೇಳಿದ್ದ. ಅಷ್ಟೇ. ನನಗೆ ಗಂಟಲು ಕಟ್ಟಿತು. ನಾನು ಆ ಹುಡುಗನ ದೇಶದವನಲ್ಲ. ಅವನ ಯುದ್ಧ ನನ್ನ ಯುದ್ಧವೂ ಅಲ್ಲ. ಆದರೂ ಆ ಒದ್ದೆ ಕಾಲುಚೀಲ ತಲೆಯಿಂದ ಹೋಗಲಿಲ್ಲ.

ಅಜ್ಜಿ ಕೇಳಿದರು, "ನಿಮ್ಮ ಮನೆಯಲ್ಲಿ ಯಾರಾದರೂ ಸೇನೆಯಲ್ಲಿದ್ದರಾ?" ಇದ್ದರು, ನನ್ನ ದೊಡ್ಡಮಾವ, 1971ರ ಯುದ್ಧಕ್ಕೆ ಹೋಗಿದ್ದರು ಅಂದೆ. "ಅವರ ಕಾಗದಗಳಿವೆಯಾ?"

"ಇಲ್ಲ" ಅಂದೆ. ಅವರು ಬೇರೇನೂ ಕೇಳಲಿಲ್ಲ. ಮನೆಗೆ ಬಂದ ಮೇಲೂ ನನ್ನ ಆ 'ಇಲ್ಲ' ಚುಚ್ಚುತ್ತಲೇ ಇತ್ತು.

ಯಾಕೆಂದರೆ ಕಾಗದಗಳು ಇದ್ದವು. ಊರಿನ ನನ್ನ ಅಜ್ಜಿಮನೆಯ ನಡುಮನೆಯಲ್ಲಿ ಕೊಕ್ಕೆಯ ತಂತಿಗೆ ಚುಚ್ಚಿ ನೇತುಹಾಕಿದ್ದರು, ಕರೆಂಟ್ ಬಿಲ್ಲು, ಕಂದಾಯದ ರಸೀದಿಗಳ ಜೊತೆಗೆ. ಮಾವನ ವಿಳಾಸದಲ್ಲಿ ಊರಿನ ಹೆಸರು ಇರುತ್ತಿರಲಿಲ್ಲ, '56 ಎಪಿಓ' ಅಂತಷ್ಟೇ, ಅಂದರೆ ಸೇನೆಯ ಅಂಚೆ ಕಚೇರಿ. ಪ್ರತಿ ಕಾಗದದ ನಡುವೆ ಒಂದು ತೂತು. ತೂತು ಬಿದ್ದ ಕಡೆಯ ಅಕ್ಷರವನ್ನು ನಾವೇ ಊಹಿಸಿಕೊಂಡು ಓದಬೇಕಿತ್ತು. ಮಾವ ತೀರಿಕೊಂಡ ಮೇಲೆ ಮನೆಗೆ ಸುಣ್ಣ ಹೊಡೆಸುವಾಗ ತಂತಿ ಕೆಳಗಿಳಿಯಿತು. ಹಂಡೆಗೆ ಉರಿ ಹಾಕು ಅಂದರು. ಸೌದೆ ಹಸಿಯಾಗಿತ್ತು. ಆ ಕಾಗದಗಳನ್ನು ಒಂದೊಂದಾಗಿ ಕಿತ್ತು ಬಚ್ಚಲೊಲೆಗೆ ಹಾಕಿದವನು ನಾನು. ಆಗ ನನಗೆ ಹನ್ನೆರಡು ವರ್ಷ. ಯಾರೂ ಬೇಡ ಅನ್ನಲಿಲ್ಲ.

ನಮ್ಮ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಸೈನಿಕನಿಗೆ ನಾವು ಹಾರ ಹಾಕುತ್ತೇವೆ, ಜೈಕಾರ ಕೂಗುತ್ತೇವೆ, ಫೋಟೋಗೆ ಕಟ್ಟು ಹಾಕಿಸುತ್ತೇವೆ. ಅವನು ಕೈಯಾರೆ ಬರೆದದ್ದನ್ನು ಮಾತ್ರ ಒಲೆಗೆ ಹಾಕುತ್ತೇವೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಈಗಿನ ಇಸ್ರೇಲಿನ ಹೈಫಾದಲ್ಲಿ ಗೆದ್ದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬೆಂಗಳೂರಿನಲ್ಲಿ ಅವರ ಸ್ಮಾರಕವೂ ಇದೆ. ಆದರೆ ಆ ಸವಾರ ಹಿಂದಿನ ರಾತ್ರಿ ಯಾರನ್ನು ನೆನೆದ, ಮನೆಗೆ ಏನು ಬರೆಸಿದ ಅಂತ ಶಾಲೆಯಲ್ಲಿ ನಮಗೆ ಯಾರೂ ಹೇಳಿಕೊಡಲಿಲ್ಲ. ಇಲ್ಲಿ ನೋಡಿದರೆ ಯಾರೋ ಒಬ್ಬ ಮಾಮೂಲಿ ಹುಡುಗನ ಕಾಲುಚೀಲದ ಮಾತನ್ನೂ ನೂರು ವರ್ಷ ಕಾಪಾಡಿದ್ದಾರೆ. ಡಬ್ಬಿಯ ಕಾಗದಗಳ ನಕಲನ್ನು ಅಜ್ಜಿ ಇಲ್ಲಿನ ದಾಖಲೆ ಕಚೇರಿಗೂ ಕೊಟ್ಟಿದ್ದಾರೆ.

ಆಮೇಲೆ ನಮ್ಮವರು ಬರೆದದ್ದನ್ನು ಹುಡುಕಿಕೊಂಡು ಹೊರಟೆ. ಇದೇ ಬ್ರೈಟನ್ನಿನ ಅರಮನೆ, ರಾಯಲ್ ಪೆವಿಲಿಯನ್, 1914ರ ಕೊನೆಯಿಂದ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಗಿತ್ತು. ಇಲ್ಲಿಂದ, ಫ್ರಾನ್ಸಿನಿಂದ ಅವರು ಬರೆದ ಕಾಗದಗಳ ಆಯ್ದ ಭಾಗಗಳು ಇಂಗ್ಲಿಷಿನಲ್ಲಿ ಉಳಿದಿವೆ. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಗಾಯಗೊಂಡ ಒಬ್ಬ ರಜಪೂತ ಸಿಪಾಯಿ 1915ರ ಜನವರಿಯಲ್ಲಿ ಬರೆದಿದ್ದ: ಇದು ಯುದ್ಧವಲ್ಲ, ಲೋಕವೇ ಮುಗಿಯುತ್ತಿದೆ, ಮಹಾಭಾರತದಲ್ಲಿ ಹೇಳಿದಂಥ ಯುದ್ಧ ಇದು ಅಂತ. ಇಂಗ್ಲಿಷಿನಲ್ಲಿ ಓದಿದರೂ ನನ್ನ ಕಿವಿಗೆ ಬಿದ್ದದ್ದು 'ಪ್ರಳಯ' ಅನ್ನೋ ಮಾತು. ಅವನು ಬರೆದದ್ದು ಅದೇ ಇರಬೇಕು, ಅಲ್ವಾ? ಮುಂದಿನ ಪುಟ ತಿರುಗಿಸಲು ಸ್ವಲ್ಪ ಹೊತ್ತು ಆಗಲಿಲ್ಲ.

ಇನ್ನೊಬ್ಬ ಕರಿಮೆಣಸು, ಕೆಂಪುಮೆಣಸಿನ ಲೆಕ್ಕ ಬರೆದಿದ್ದ. ಕರಿಮೆಣಸೆಂದರೆ ನಮ್ಮವರು, ಕೆಂಪೆಂದರೆ ಬಿಳಿಯರು. ಕರಿಮೆಣಸು ಬೇಗ ಬೇಗ ಖರ್ಚಾಗುತ್ತಿದೆ ಅಂದರೆ ಮನೆಯವರಿಗೆ ಅರ್ಥವಾಗಬೇಕು, ನಡುವೆ ಓದುವವನಿಗೆ ಆಗಬಾರದು.

ಆ ನಡುವೆ ಓದುವವನನ್ನು ನಾನು ಮರೆತೇಬಿಟ್ಟಿದ್ದೆ. ಈ ಕಾಗದಗಳು ಉಳಿದದ್ದು ಪ್ರೀತಿಯಿಂದಲ್ಲ. ಸಿಪಾಯಿಗಳ ಮನಸ್ಸು ಎತ್ತ ವಾಲುತ್ತಿದೆ ಅಂತ ತಿಳಿಯಲು ಸರ್ಕಾರ ಸೆನ್ಸಾರ್ ಇಟ್ಟಿತ್ತು. ಅವರು ಒಡೆದು ಓದಿ, ಬೇಕಾದ ಸಾಲುಗಳನ್ನು ಇಂಗ್ಲಿಷಿಗೆ ಇಳಿಸಿಕೊಂಡರು. ಇಲ್ಲಿ ಉಳಿದದ್ದು ಆ ವರದಿ. ಬಿಸ್ಕತ್ತಿನ ಡಬ್ಬಿಯೂ ಕಪಾಟಿನ ಆ ವರದಿಯೂ ಒಂದೇ ಅಲ್ಲ ಅಂತ ನಾನು ಒಪ್ಪಲೇಬೇಕು. ಎಷ್ಟೋ ಸಿಪಾಯಿಗಳಿಗೆ ಬರೆಯಲು ಬರುತ್ತಿರಲಿಲ್ಲ, ಬೇರೆಯವರ ಕೈಯಲ್ಲಿ ಬರೆಸುತ್ತಿದ್ದರು. ಆ ಕಡೆ ಮನೆಯಲ್ಲೂ ಯಾರೋ ಓದಿ ಹೇಳಬೇಕಿತ್ತು.

ನನ್ನ ಅಜ್ಜಿಗೂ ಓದು ಬರುತ್ತಿರಲಿಲ್ಲ. ಮೊದಲು ಪೋಸ್ಟಿನವರು ಓದಬೇಕು, ಸಂಜೆ ಅಮ್ಮ ಓದಬೇಕು, ಮರುದಿನ ಇನ್ನೊಂದು ಸಲ. ಅಷ್ಟರಲ್ಲಿ ಅಜ್ಜಿಗೆ ಬಾಯಿಪಾಠ. ಆಮೇಲೆ ಅದು ತಂತಿಗೆ.

ಹೋದ ಭಾನುವಾರ ಅಮ್ಮನಿಗೆ ಫೋನ್ ಮಾಡಿ ಕೇಳಿದೆ, "ಅಮ್ಮಾ, ಮಾವನ ಕಾಗದದಲ್ಲಿ ಏನಿರ್ತಿತ್ತು?"

"ಏನಿರುತ್ತೆ ಮಗಾ? ಯುದ್ಧದ ಬಗ್ಗೆ ಅಣ್ಣ ಒಂದಕ್ಷರ ಬರೀತಿರಲಿಲ್ಲ." ಸುಮ್ಮನಾದಳು. ಆಮೇಲೆ, ಎದುರಿಗೆ ಕಾಗದ ಹಿಡಿದವಳ ಹಾಗೆ, ಪುಸ್ತಕದ ಭಾಷೆಯಲ್ಲಿ ಶುರು ಮಾಡಿದಳು: "ಇತ್ತ ನಾನು ಕ್ಷೇಮ. ಅತ್ತ ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿರಿ. ಇಲ್ಲಿ ಚಳಿ ಜಾಸ್ತಿ. ಅವ್ವ ಕಳಿಸಿದ ಕಂಬಳಿ ಬಂದು ಸೇರಿತು. ಕೆಂಪಿ ಕರು ಹಾಕಿತೇ? ಹೋರಿಯೋ, ಹೆಣ್ಣೋ?"

ತಡಿ ಅಮ್ಮಾ ಅಂತ ಹೇಳಿ ಪೆನ್ನು ತಂದೆ. ಇನ್ನೊಂದು ಸಲ ಹೇಳು ಅಂದೆ.