ಐವತ್ತೇಳು ಗ್ರಾಂ ಟೀ ಪುಡಿ

ಮಗನ ಸ್ಕೂಲಲ್ಲಿ ಎರಡನೇ ಮಹಾಯುದ್ಧದ ಪಾಠ ನಡೆಯುತ್ತಿತ್ತು. ಆ ಕಾಲದ ರೇಷನ್ ಊಟ ಒಂದು ವಾರ ನಾವೂ ಉಣ್ಣೋಣ ಅಂದ. ಇಂಗ್ಲೆಂಡಿನ ಅನ್ನ ತಿನ್ನುತ್ತಿದ್ದೇವೆ, ಇಷ್ಟಾದರೂ ಮಾಡೋಣ ಅಂತ ಸುಮ್ನೆ ಒಪ್ಪಿಕೊಂಡೆ.

ತಲೆಗೆ ವಾರಕ್ಕೆ 57 ಗ್ರಾಂ ಟೀ ಪುಡಿ, ಅಷ್ಟೇ ಬೆಣ್ಣೆ, 227 ಗ್ರಾಂ ಸಕ್ಕರೆ, ಒಂದು ಮೊಟ್ಟೆ. 1940ರ ಜನವರಿಯಲ್ಲಿ ಶುರುವಾದ ರೇಷನ್ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಯುದ್ಧ ಮುಗಿದು ಒಂಬತ್ತು ವರ್ಷದ ಮೇಲೆ! ನನ್ನ ಟೀ ಪುಡಿ ಗುರುವಾರಕ್ಕೇ ಮುಗಿಯಿತು. ನನ್ನ ಸಕ್ಕರೆ ಗಂಡನಿಗೆ ಕೊಟ್ಟು ಅವನ ಟೀ ಪುಡಿ ತೆಗೆದುಕೊಂಡೆ. ಬೆಣ್ಣೆ ಕಾಯಿಸಿದರೆ ತುಪ್ಪ ಬಟ್ಟಲಿನ ತಳ ಮುಚ್ಚಿತು, ಅಷ್ಟೇ.

ನಾವು ಮಾಂಸ ತಿನ್ನುವವರಲ್ಲ. ಆಗಲೂ ಸಸ್ಯಾಹಾರಿ ಅಂತ ಬರೆಸಿ ಮಾಂಸದ ಕೂಪನ್ ಬಿಟ್ಟುಕೊಟ್ಟರೆ ಜಾಸ್ತಿ ಚೀಸ್ ಸಿಗುತ್ತಿತ್ತು. ಚೀಸ್ ಇಟ್ಟುಕೊಂಡು ಸಾರು ಮಾಡಕ್ಕಾಗುತ್ತಾ?

ಯುದ್ಧ ನಡೆಯುವಾಗ ಆಲೂಗಡ್ಡೆ, ಕ್ಯಾರೆಟ್‌ಗೆ ರೇಷನ್ ಇರಲಿಲ್ಲ. ಬೆಳೆದುಕೊಳ್ಳಿ ಅಂತ ಸರ್ಕಾರವೇ ಜನರ ಬೆನ್ನು ಬಿದ್ದಿತ್ತು. ಲಂಡನ್ ಟವರ್ ಕೋಟೆಯ ಕಂದಕದಲ್ಲೂ ತರಕಾರಿ ಬೆಳೆದರಂತೆ. ನಮ್ಮ ಹಿತ್ತಲಲ್ಲಿ ಏಪ್ರಿಲ್‌ನಲ್ಲಿ ಹಾಕಿದ ಕ್ಯಾರೆಟ್ ಬೀಜದಲ್ಲಿ ಮೊಳೆತ ಅರ್ಧವನ್ನು ಗೊಂಡೆಹುಳ ತಿಂದಿತ್ತು. ಅದಕ್ಕೆ ಯಾವ ರೇಷನ್ನೂ ಇಲ್ಲ. ಅಗೆದಾಗ ಸಿಕ್ಕಿದ್ದು ಏಳು. ಒಂದಕ್ಕೆ ಎರಡು ಕಾಲು, ಪಂಚೆ ಎತ್ತಿ ಕಟ್ಟಿ ನಿಂತವರ ಹಾಗೆ.

ಅವನ್ನೇ ಹಾಕಿ ವೂಲ್ಟನ್ ಪೈ ಮಾಡಿದೆವು. ವೂಲ್ಟನ್ ಅಂದರೆ ಆಗಿನ ಆಹಾರ ಮಂತ್ರಿ. ಲಂಡನ್ನಿನ ಸವಾಯ್ ಹೋಟೆಲಿನ ಬಾಣಸಿಗ ಮಾಡಿದ ಅಡುಗೆಗೆ ಇವರ ಹೆಸರು ಬಂತು. ಗೆಡ್ಡೆಗಳ ಜೊತೆ ಓಟ್ಸ್ ಬೇಯಿಸಿ, ಮೇಲೆ ಹಿಟ್ಟಿನ ಮುಚ್ಚಳ. ಸಾಗು ಮಾಡುತ್ತಿದ್ದವರು ಅರ್ಧಕ್ಕೇ ಎದ್ದುಹೋದ ಹಾಗಿತ್ತು.

"ಒಂದು ಹಸಿಮೆಣಸಿನಕಾಯಿ?" ಅಂದೆ. ಮಗ ತಕ್ಕಡಿ ಪಕ್ಕದಲ್ಲೇ ಕೂತಿದ್ದ.

"ಹಡಗು ಬರಲ್ಲಮ್ಮ."

"ಕಾಯಿತುರಿ?"

"ಅದಂತೂ ಬರೋದೇ ಇಲ್ಲ."

"ಸಾಸಿವೆ? ನಾರ್ವಿಚ್ ಕಡೆ ಇಲ್ಲೇ ಬೆಳೆಯುತ್ತಾರಲ್ಲ?"

ಅವನು ಸ್ವಲ್ಪ ಯೋಚಿಸಿದ. ಪುಸ್ತಕ ತಿರುವಿ ಹಾಕಿದ. ಕೊನೆಗೆ ಒಂದು ಚಮಚ ಅಳೆದು ಕೊಟ್ಟ. ಉಳಿದಿದ್ದ ತುಪ್ಪವನ್ನೆಲ್ಲ ಸೌಟಿಗೆ ಬಗ್ಗಿಸಿ ಒಲೆ ಹಚ್ಚಿದೆ. ಸಾಸಿವೆ ಚಟಪಟ ಅಂದ ಕೂಡಲೇ ಮಹಡಿಯಿಂದ ಗಂಡ ಕೂಗಿದ: "ಏನು, ಯುದ್ಧ ಮುಗೀತಾ?"