ಹಕ್ಕಿಗಳ ಅನ್ನದಾತರು

ತೋಟಕ್ಕೆ ಹಕ್ಕಿ ಬರಬೇಕು, ಹುಳ ಬರಬಾರದು. ಈಗಿನ ಪಕ್ಷಿಪ್ರೇಮದ ಮೊದಲ ಷರತ್ತು ಇದು.

ಹಾಗಾಗಿ ಮೊದಲು ಗಿಡಗಳಿಗೆಲ್ಲ ಕೀಟನಾಶಕ ಹೊಡೆಯಬೇಕು. ಒಂದು ಕಂಬಳಿಹುಳವೂ ಉಳಿಯಬಾರದು. ಹೂ ಬಾಡಿದ ಕೂಡಲೇ, ಬೀಜ ಕಟ್ಟುವ ಮೊದಲೇ ಕತ್ತರಿ ಆಡಿಸಬೇಕು. ಇಲ್ಲದಿದ್ದರೆ ನೋಡಿದವರು ಏನಂದುಕೊಂಡಾರು? ಹುಲ್ಲು ತೆನೆ ಬಿಡುವಷ್ಟು ಬೆಳೆಯಲೇಕೂಡದು. ಇಷ್ಟೆಲ್ಲ ಆದಮೇಲೆ ಬೋಳು ತೋಟ ನೋಡಿ ಕರುಳು ಚುರ್ ಅನ್ನಬೇಕು. ಪಾಪ, ಹಕ್ಕಿಗಳು ಏನು ತಿನ್ನುತ್ತವೆ? ಆಗ ಅಂಗಡಿಗೆ ಓಡಿ ಕಾಳಿನ ಮಿಶ್ರಣದ ಚೀಲ ತರಬೇಕು. ಜೊತೆಗೆ ಒಣಗಿಸಿದ ಹುಳದ ಡಬ್ಬಿ. ಬದುಕಿದ್ದ ಹುಳ ಪುಕ್ಕಟೆ ಸಿಗುತ್ತಿತ್ತು, ಅದನ್ನು ಕಾಸು ಕೊಟ್ಟು ಸಾಯಿಸಿದ್ದಾಯಿತು. ಈಗ ಸತ್ತದ್ದಕ್ಕೂ ಕಾಸು.

ಚೀಲದ ಕಥೆ ಇನ್ನೂ ಸೊಗಸು. ಸೂರ್ಯಕಾಂತಿ ಬೆಳೆದವನಿಗೆ ಹಕ್ಕಿ ಅಂದರೆ ಕಳ್ಳ. ಸದ್ದು ಮಾಡಿ, ಬೆದರುಗೊಂಬೆ ನಿಲ್ಲಿಸಿ ಓಡಿಸುತ್ತಾನೆ. ಹಾಗೆ ಹಕ್ಕಿಯ ಬಾಯಿಂದ ಉಳಿಸಿಕೊಂಡ ಬೀಜ ಚೀಲ ಸೇರಿ, ಚೀಲದ ಮೇಲೆ ಹಕ್ಕಿಯದೇ ಚಿತ್ರ ಹೊತ್ತು, ಹಕ್ಕಿಯ ಬಾಯಿಗೇ ಬರುತ್ತದೆ. ಅಗ್ಗದ ಚೀಲವಾದರೆ ಎಷ್ಟೋ ಸಲ ಗೋಧಿ, ಕೆಂಪು ಜೋಳವೇ ಜಾಸ್ತಿ. ಸಣ್ಣ ಹಕ್ಕಿಗಳು ಅದನ್ನೆಲ್ಲ ಕೊಕ್ಕಿನಿಂದ ಆಚೆ ಚೆಲ್ಲಿ ಸೂರ್ಯಕಾಂತಿ ಹುಡುಕುತ್ತವೆ. ಕೆಳಗೆ ಬಿದ್ದದ್ದು ಇಲಿಗಳ ಪಾಲು. ಇಲಿಗೂ ಹೊಟ್ಟೆ ಇದೆ ಅಲ್ವಾ!

ಅಳಿಲಿಗೆ ಮಾತ್ರ ಕೊಡಬಾರದಂತೆ. ಅದಕ್ಕೆಂದೇ ಮೆಣಸಿನಕಾಯಿ ಖಾರ ಹಚ್ಚಿದ ಕಾಳು ಬಂದಿದೆ. ಆ ಖಾರ ಹಕ್ಕಿಗೆ ತಟ್ಟುವುದಿಲ್ಲ, ಅಳಿಲಿಗೆ ತಟ್ಟುತ್ತದೆ. ಇಷ್ಟೆಲ್ಲ ತಿಳಿದುಕೊಂಡ ನಮಗೆ, ಗೂಡಿನ ಮರಿಗೆ ಬೇಕಾದದ್ದು ಮೆತ್ತಗಿನ ಹುಳ ಅನ್ನುವುದು ಮಾತ್ರ ತಿಳಿದಿಲ್ಲ. ಮರಿಗಳಿರುವ ಕಾಲದಲ್ಲೂ ಇಡೀ ಕಡಲೆಕಾಯಿ ಬೀಜ ಇಡುತ್ತೇವೆ. ಗಂಟಲಲ್ಲಿ ಸಿಕ್ಕಿಕೊಂಡರೆ? ಅದೆಲ್ಲ ಕೇಳಬಾರದು. ವರ್ಷಪೂರ್ತಿ ಸಂತರ್ಪಣೆ ಅಂದಮೇಲೆ ವರ್ಷಪೂರ್ತಿ.

ಇನ್ನು ಫೀಡರ್, ಅಂದರೆ ಹಕ್ಕಿಗೆ ಕಾಳು ಇಡುವ ತಟ್ಟೆ, ತೊಳೆಯುವ ಮಾತು. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಗ್ರೀನ್‌ಫಿಂಚ್ ಹಕ್ಕಿಗಳಲ್ಲಿ ಟ್ರೈಕೊಮೊನೋಸಿಸ್ ಎಂಬ ರೋಗ ಕಾಣಿಸಿಕೊಂಡಿತು. ಎಂಜಲು ತಾಗಿದ ಕಾಳು, ನೀರಿನ ಮೂಲಕ ಹರಡುವ ರೋಗ ಅದು. ಗಂಟಲು ಊದಿ, ನುಂಗಲಾಗದೆ, ತುಂಬಿದ ತಟ್ಟೆಯ ಎದುರೇ ಹಕ್ಕಿ ಉಪವಾಸ ಸಾಯುತ್ತದೆ. ಒಂದು ಕಾಲದಲ್ಲಿ ಅಲ್ಲಿನ ತೋಟಗಳಲ್ಲಿ ಬೇಕಾದಷ್ಟಿದ್ದ ಈ ಹಕ್ಕಿ 2021ರಲ್ಲಿ ಅಲ್ಲಿನ ಅಪಾಯದಲ್ಲಿರುವ ಹಕ್ಕಿಗಳ ಕೆಂಪು ಪಟ್ಟಿ ಸೇರಿತು. ಆದರೂ ವಾರಕ್ಕೊಮ್ಮೆ ತಟ್ಟೆ ಉಜ್ಜಿ ಅಂದರೆ ನಮ್ಮ ಪಕ್ಷಿಪ್ರೇಮಿಗೆ ಮುಖ ಸಿಂಡರಿಸುತ್ತದೆ. ಪ್ರೀತಿಸು ಅಂದರೆ ಸರಿ, ಪಾತ್ರೆ ತೊಳಿ ಅಂದರೆ ಹೇಗೆ?

ತೋಟದ ಒಂದು ಮೂಲೆಯನ್ನು ಸುಮ್ನೆ ಹಾಗೇ ಬಿಟ್ಟರೆ ಕಳೆ ಬೀಜ ಬಿಡುತ್ತದೆ, ಎಲೆಗೆ ಹುಳ ಬರುತ್ತದೆ, ಹಕ್ಕಿಯ ಊಟ ತಾನಾಗೇ ನಡೆಯುತ್ತದೆ. ಆದರೆ ಸುಮ್ನಿರುವುದನ್ನು ಇನ್ನೂ ಯಾರೂ ಮಾರುತ್ತಿಲ್ಲ, ಅದೇ ತೊಂದರೆ. ಒಂದು ದಿನ ಅದೂ ಚೀಲದಲ್ಲಿ ಬಂದೀತು: 'ಅಪ್ಪಟ ಕಳೆ, ಕಂಬಳಿಹುಳ ಸಮೇತ'. ಖಾರ ಹಚ್ಚಿದ್ದು ಬೇಕಾದರೆ ಬೆಲೆ ಸ್ವಲ್ಪ ಜಾಸ್ತಿ.